ಗುಂಡನ ತೂಕ

ನನ್ನ ಮಗನನ್ನು ಗುಂಡ ಎಂದು ಕರೆಯಲು ಶುರು ಮಾಡಿದವರು ನಮ್ಮ ಅತ್ತೆ. ಹುಟ್ಟಿದಾಗ ಎರಡು ಕೇಜಿ ನೂರು ಗ್ರಾಂ ಇದ್ದ ಕೂಸನ್ನು ಗುಂಡ ಎನ್ನಬೇಕಾದರೆ ಒಂದೋ ಕಣ್ಣು ಕಾಣಿಸಬಾರದು, ಇಲ್ಲವೇ ಆಸೆ ಬೆಟ್ಟದಷ್ಟಿರಬೇಕು. ಅತ್ತೆಯ ಕಣ್ಣು ಚೆನ್ನಾಗಿಯೇ ಇದೆ. ಈ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. "ಕರೀತಾ ಕರೀತಾ ದಪ್ಪ ಆಗ್ತಾನೆ, ನೋಡ್ತಿರಿ," ಅಂದರು. ಆಸ್ಪತ್ರೆಯ ಕಾಗದಗಳಲ್ಲಿ ಅವನಿಗೆ ಹೆಸರೇ ಇರಲಿಲ್ಲ. ಏಳನೇ ನಂಬರಿನ ತೊಟ್ಟಿಲು, ಅಷ್ಟೆ.

ಅವನ ಹೃದಯದಲ್ಲಿ ತೂತಿತ್ತು. ಡಾಕ್ಟರಮ್ಮ ಕಾಗದದ ಮೇಲೆ ನಾಲ್ಕು ಕೋಣೆಯ ಮನೆ ಬರೆದು, ಒಂದು ಗೋಡೆಯಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟು ತೋರಿಸಿದ್ದರು. ಮುಚ್ಚಬಹುದು, ಆದರೆ ಎರಡೂವರೆ ಕೇಜಿ ಆಗಲಿ, ಅದಕ್ಕಿಂತ ಕಡಿಮೆಯಿದ್ದರೆ ಮಗು ಆಪರೇಷನ್ ತಡೆದುಕೊಳ್ಳುವುದು ಕಷ್ಟ ಎಂದರು. ತಮಾಷೆಯೆಂದರೆ ಆ ತೂತು ಇರುವುದರಿಂದಲೇ ಅವನಿಗೆ ತೂಕ ಬರುತ್ತಿರಲಿಲ್ಲ. ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಮೂರು ಮಹಡಿ ಹತ್ತಿದವನ ಹಾಗೆ ಏದುಸಿರು ಬಿಡುತ್ತಿದ್ದ. ಮಿಕ್ಕದ್ದನ್ನು ಮೂಗಿನ ನಳಿಗೆಯಲ್ಲಿ ಇಳಿಸುತ್ತಿದ್ದರು. ಒಳಗೆ ಹೋದದ್ದೆಲ್ಲ ಉಸಿರಾಡುವುದಕ್ಕೇ ಖರ್ಚಾಗುತ್ತಿತ್ತು. ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ನಮ್ಮ ಪಾಡು ಅದೇ ಆಗಿತ್ತು.

ನಾನು ತಕ್ಕಡಿ ರಿಪೇರಿಯವನು. ಅಂಗಡಿ, ಗೋದಾಮು, ಕೊರಿಯರ್ ಆಫೀಸು, ಒಡವೆ ಅಂಗಡಿ, ಎಲ್ಲಿ ತೂಗುತ್ತಾರೋ ಅಲ್ಲಿಗೆಲ್ಲ ಹೋಗುತ್ತೇನೆ. ನನ್ನ ಚೀಲದಲ್ಲಿ ಸಣ್ಣ ಸ್ಕ್ರೂಡ್ರೈವರುಗಳು, ಒಂದು ಬ್ರಷ್ಷು, ಮತ್ತು ಪರೀಕ್ಷೆಯ ತೂಕದ ಕಲ್ಲುಗಳು ಸದಾ ಇರುತ್ತವೆ. ಬಾಯಲ್ಲಿ ಕಲ್ಲು ಅನ್ನುತ್ತೇವೆ, ಇರುವುದು ಹಿತ್ತಾಳೆ. ಇಪ್ಪತ್ತು ವರ್ಷದಿಂದ ಬೇರೆಯವರ ಸಕ್ಕರೆ, ಮೊಳೆ, ಬಂಗಾರಗಳ ತೂಕ ಸರಿ ಮಾಡಿಕೊಂಡು ಬಂದವನು, ಈಗ ಸ್ವಂತ ಮಗ ದಿನಕ್ಕೆ ಹತ್ತು ಗ್ರಾಂ ಹೆಚ್ಚಿದನೋ ಇಲ್ಲವೋ ಎಂದು ಗಾಜಿನ ಬಾಗಿಲಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದೆ.

ನಿಲ್ಲುತ್ತಿದ್ದೆ ಅನ್ನುವುದೂ ಸುಳ್ಳು. ಒಂದು ಕಡೆ ನಿಂತವನೇ ಅಲ್ಲ. ತಾಯಂದಿರಿಗೆ ಮೂರು ಗಂಟೆಗೊಮ್ಮೆ ಒಳಗೆ ಬಿಡುತ್ತಿದ್ದರು, ಅಪ್ಪಂದಿರಿಗೆ ಸಂಜೆ ನಾಲ್ಕರಿಂದ ನಾಲ್ಕೂವರೆ ಮಾತ್ರ. ಉಳಿದ ಹೊತ್ತು ಲಿಫ್ಟಿನಿಂದ ಕಿಟಕಿಯವರೆಗೆ, ಕಿಟಕಿಯಿಂದ ಲಿಫ್ಟಿನವರೆಗೆ ನಡೆಯುತ್ತಿದ್ದೆ. ಬಾಗಿಲು ಕಾಯುವವನು, "ಸಾರ್, ಇಷ್ಟು ನಡೆದಿದ್ರೆ ಪಕ್ಕದೂರು ಸೇರ್ತಿದ್ರಿ," ಎಂದು ಛೇಡಿಸಿದ. ಅವನ ಮೇಲೆ ರೇಗಿದೆ. ಆಮೇಲೆ ಪಾಪ ಎನ್ನಿಸಿ ಚಹಾ ತಂದುಕೊಟ್ಟೆ. ಕೆಲಸಕ್ಕೆ ಹೋದರೆ ಆಸ್ಪತ್ರೆಯ ಯೋಚನೆ, ಆಸ್ಪತ್ರೆಯಲ್ಲಿದ್ದರೆ ಕೈಗೆ ಕೆಲಸವಿಲ್ಲ. ಬೆಂಚಿನಲ್ಲಿ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಹಳೇ ಸೀರೆಯ ತುಂಡುಗಳಿಂದ ಗುಂಡನಿಗೆ ಲಂಗೋಟಿ ಹೊಲಿಯುತ್ತ ಕೂರುತ್ತಿದ್ದರು. ಅವರ ಪಕ್ಕದಲ್ಲಿ ಅವಳಿಗಳ ತಾಯಿ. ಆಕೆಯ ಎರಡು ಹೆಣ್ಣು ಕೂಸುಗಳು ಮೂರು ಮತ್ತು ನಾಲ್ಕನೇ ನಂಬರಿನಲ್ಲಿದ್ದವು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದವು. ಅವಕ್ಕೂ ಬೇಕಾದದ್ದು ತೂಕವೇ.

ಬೆಳಿಗ್ಗೆ ಹತ್ತಕ್ಕೆ ತೂಗುತ್ತಿದ್ದರು, ಹಾಲು ಕೊಡುವ ಮೊದಲು. ನನ್ನ ಹೆಂಡತಿ ಗಾಜಿನ ಆಚೆ ಬಂದು ಬೆರಳು ತೋರಿಸುತ್ತಿದ್ದಳು. ಒಂದು ಬೆರಳೆಂದರೆ ಹತ್ತು ಗ್ರಾಂ. ಮುಷ್ಟಿಯೆಂದರೆ ಏನೂ ಇಲ್ಲ. ಎರಡು ಬೆರಳು ಕಂಡ ದಿನ ಅತ್ತೆ ಇಡೀ ಬೆಂಚಿಗೆ ಬಿಸ್ಕತ್ತು ಹಂಚುತ್ತಿದ್ದರು.

ಆ ಸೋಮವಾರ ಅವಳು ಬೆರಳು ತೋರಿಸಲಿಲ್ಲ. ಬಾಗಿಲು ತಳ್ಳಿಕೊಂಡು ಹೊರಗೇ ಬಂದಳು, ಕಾಲಿಗೆ ಹಾಕಿದ್ದ ಆಸ್ಪತ್ರೆಯ ಚೀಲವನ್ನೂ ಬಿಚ್ಚದೆ.

"ಎರಡು ಸಾವಿರದ ಐನೂರ ಹತ್ತು," ಅಂದಳು. "ರೀ, ಐನೂರು ದಾಟಿಬಿಟ್ಟ."

ಡಾಕ್ಟರಮ್ಮ ಗುರುವಾರಕ್ಕೆ ಆಪರೇಷನ್ ಇಟ್ಟರು. ಅತ್ತೆ ಅವಳಿಗಳ ತಾಯಿಯನ್ನು ಅಪ್ಪಿಕೊಂಡರು. ಅವರ ಕೈಯಲ್ಲಿದ್ದ ಸೂಜಿ ಆಕೆಗೆ ಚುಚ್ಚಿ, ಇಬ್ಬರೂ ನಕ್ಕರು. ನಾನು ಮೆಟ್ಟಿಲಿಗೆ ಹೋಗಿ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟೆ. ಐದು ವಾರದಲ್ಲಿ ಅತ್ತದ್ದು ಅದೊಂದೇ ಸಲ, ಅದೂ ಸಂತೋಷಕ್ಕೆ. ಆಮೇಲೆ ಮುಖ ತೊಳೆದುಕೊಂಡು ಒಂದು ಗೋದಾಮಿಗೆ ಕೆಲಸಕ್ಕೆ ಹೋದೆ, ಯಾರ ಮೇಲೂ ರೇಗದೆ ಕೆಲಸ ಮುಗಿಸಿ ನಾಲ್ಕಕ್ಕೆ ಸರಿಯಾಗಿ ವಾಪಸು ಬಂದೆ.

ವಾರ್ಡಿನ ಒಳಗೆ ಹೋಗುವ ಮೊದಲು ಕೈ ತೊಳೆಯುವ ಸಣ್ಣ ಕೋಣೆಯಿದೆ. ಚೀಲ ಅಲ್ಲೇ ಇಟ್ಟು, ಕೈ ತೊಳೆದು, ಮೇಲೊಂದು ನಿಲುವಂಗಿ ತೊಟ್ಟು ಹೋಗಬೇಕು. ಬೆಳಗಿನ ತೂಕ ಮುಗಿದ ಮೇಲೆ ತಕ್ಕಡಿಯನ್ನು ಅದರ ಗಾಲಿ ಮೇಜಿನ ಸಮೇತ ಆ ಕೋಣೆಗೇ ತಳ್ಳಿಬಿಡುತ್ತಿದ್ದರು. ನಾನು ಎರಡನೇ ವಾರದಲ್ಲೇ ದೊಡ್ಡ ಸಿಸ್ಟರನ್ನು ಕೇಳಿದ್ದೆ, ಇದನ್ನು ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು. ಆಕೆ ಕನ್ನಡಕದ ಮೇಲಿನಿಂದ ನೋಡಿ, "ಅಪ್ಪಂದಿರ ಕೆಲಸ ನಾಲ್ಕರಿಂದ ನಾಲ್ಕೂವರೆ. ಅಷ್ಟನ್ನ ಚೆನ್ನಾಗಿ ಮಾಡಿ ಸಾಕು," ಎಂದಿದ್ದರು. ಅವತ್ತು ಬಾಯಿ ಮುಚ್ಚಿಕೊಂಡೆ.

ಸೋಮವಾರ ಕೋಣೆಯಲ್ಲಿ ಯಾರೂ ಇರಲಿಲ್ಲ. ಒಳಗೆ ಯಾವುದೋ ಮಗುವಿಗೆ ಏನೋ ಮಾಡುತ್ತಿದ್ದಾರೆ, ಹತ್ತು ನಿಮಿಷ ಕಾಯಬೇಕೆಂದರು. ನನಗೆ ಹತ್ತು ನಿಮಿಷ ಸುಮ್ಮನೆ ಕೂರಲು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗುಂಡನನ್ನು ಗೆಲ್ಲಿಸಿದ ತಕ್ಕಡಿ ಇದು, ಒಂದು ಸಲ ಮುಟ್ಟಿ ನೋಡೋಣ ಎನ್ನಿಸಿತು. ಬೇರೆಯವರಾಗಿದ್ದರೆ ಕೈ ಮುಗಿಯುತ್ತಿದ್ದರೇನೋ. ನಾನು ಚೀಲದಿಂದ ಎರಡು ಕೇಜಿಯ ಕಲ್ಲು ತೆಗೆದು ಅದರ ಮೇಲಿಟ್ಟೆ.

ಎರಡು ಸಾವಿರದ ಐವತ್ತು.

ತೆಗೆದು ಮತ್ತೆ ಇಟ್ಟೆ. ಎರಡು ಸಾವಿರದ ಐವತ್ತು. ನೂರಕ್ಕೆ ಎರಡೂವರೆ ಹೆಚ್ಚು ತೋರಿಸುತ್ತಿದೆ. ತರಕಾರಿ ಅಂಗಡಿಯಲ್ಲಿ ಇಂಥ ತಕ್ಕಡಿ ಕಂಡರೆ ನಾನು ಮಾಲೀಕನ ಮುಖ ನೋಡಿ ಒಂದು ನಗು ನಗುತ್ತೇನೆ, ಅವನು ಬೇರೆ ಕಡೆ ನೋಡುತ್ತಾನೆ. ಇಲ್ಲಿ ಯಾರದೂ ಮೋಸವಿಲ್ಲ, ಹಳೇ ಯಂತ್ರ, ಅಷ್ಟೇ. ಅಡಿಯಲ್ಲಿ ಒಂದು ಪುಟ್ಟ ಮುಚ್ಚಳ, ಮುಚ್ಚಳದ ಒಳಗೆ ಗುಂಡಿ. ಸ್ಕ್ರೂ ಬಿಚ್ಚಿದೆ, ಗುಂಡಿ ಒತ್ತಿದೆ, ಕಲ್ಲಿಟ್ಟೆ, ಇನ್ನೊಮ್ಮೆ ಒತ್ತಿದೆ. ಎರಡು ಸಾವಿರ ಎಂದು ತೋರಿಸಿತು. ಮುಚ್ಚಳ ಹಾಕಿ ಸ್ಕ್ರೂ ಬಿಗಿದು ಕಲ್ಲನ್ನು ಚೀಲಕ್ಕೆ ಸೇರಿಸಿದೆ. ಇಷ್ಟಕ್ಕೂ ಐದು ನಿಮಿಷ ಹಿಡಿದಿರಲಿಕ್ಕಿಲ್ಲ. ತಪ್ಪು ತೂಕ ಕಂಡರೆ ಸರಿ ಮಾಡದೆ ಬಿಡುವ ಕೈ ನನ್ನದಲ್ಲ. ತಲೆ ಕೈಗಿಂತ ನಿಧಾನ.

ಕೈ ತೊಳೆಯುತ್ತಿರುವಾಗ ತಲೆಗೆ ಹೊಳೆಯಿತು. ಎರಡು ಸಾವಿರದ ಐನೂರ ಹತ್ತರಲ್ಲಿ ನೂರಕ್ಕೆ ಎರಡೂವರೆ ತೆಗೆದರೆ ಎಷ್ಟು? ಅರವತ್ತು ಹೋಯಿತು. ಎರಡು ಸಾವಿರದ ನಾನೂರ ಐವತ್ತು. ಗುಂಡ ಐನೂರು ದಾಟಿರಲೇ ಇಲ್ಲ. ನಲ್ಲಿ ಹರಿಯುತ್ತಲೇ ಇತ್ತು, ನಾನು ನಿಲ್ಲಿಸಲಿಲ್ಲ. ಹಿಂದಿನಂತೆ ತಪ್ಪಾಗಿಯೇ ಇರಲಿ ಎಂದು ತಿರುಗಿಸಿಬಿಡಬಹುದಿತ್ತು. ಅಷ್ಟರಲ್ಲಿ ಚಿಕ್ಕ ಸಿಸ್ಟರ್ ಬಾಗಿಲು ತೆರೆದು, "ಬನ್ನಿ, ಏಳನೇ ನಂಬರ್ ಅಪ್ಪ," ಎಂದು ಕರೆದಳು. ಹೋದೆ. ಗುಂಡ ಮಲಗಿದ್ದ. ಪಕ್ಕೆಲುಬಿನ ನಡುವಿನ ಚರ್ಮ ಪ್ರತಿ ಉಸಿರಿಗೂ ಒಳಕ್ಕೆ ಸೆಳೆಯುತ್ತಿತ್ತು. ಅವನ ಅಂಗಾಲನ್ನು ಒಂದು ಬೆರಳಿಂದ ಮುಟ್ಟಿ, ಅರ್ಧ ಗಂಟೆಯೂ ಅವನ ಮುಖ ಬಿಟ್ಟು ಬೇರೆಲ್ಲ ನೋಡಿದೆ.

ಸಂಜೆ ಹೆಂಡತಿ ಬಳಗದವರಿಗೆಲ್ಲ ಫೋನು ಮಾಡಿ ಗುರುವಾರ, ಗುರುವಾರ ಎನ್ನುತ್ತಿದ್ದಳು. ಹೇಳಲು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವಳು ಫೋನನ್ನು ನನ್ನ ಕಿವಿಗೆ ಹಿಡಿದಳು, ಯಾರಿಗೋ ಹೂಂ ಹೂಂ ಎಂದೆ.

ಮಂಗಳವಾರ ಹತ್ತೂಕಾಲಿಗೆ ಮೊದಲು ಹೊರಗೆ ಬಂದವಳು ಅವಳಿಗಳ ತಾಯಿ. ಬೆಂಚಿನವರೆಗೂ ಬರಲಾಗದೆ ನೆಲದ ಮೇಲೇ ಕೂತಳು.

"ಎರಡೂ ಇಳಿದಿವೆ," ಅಂದಳು. "ಒಂದು ಮೂವತ್ತು, ಒಂದು ಮೂವತ್ತೈದು. ನಾಡಿದ್ದು ಮನೆಗೆ ಕಳಿಸ್ತೀವಿ ಅಂದಿದ್ರು. ಈಗ ಇಲ್ಲ ಅಂತಾರೆ. ನನ್ನ ಹಾಲೇ ಸರಿ ಇಲ್ವೇನೋ ಅಮ್ಮಾ."

ಅತ್ತೆ ಅವಳ ತಲೆ ಸವರಿದರು. ಆಮೇಲೆ ಒಬ್ಬೊಬ್ಬರಾಗಿ ತಾಯಂದಿರು ಬಂದರು. ಎಲ್ಲರ ಮುಖವೂ ಒಂದೇ ಥರ. ಕೊನೆಗೆ ನನ್ನ ಹೆಂಡತಿ ಬಂದಳು. ಗುಂಡ ಎರಡು ಸಾವಿರದ ನಾನೂರ ಅರವತ್ತು. ಒಂದೇ ದಿನದಲ್ಲಿ ಐವತ್ತು ಗ್ರಾಂ ಕರಗಿದ್ದ. ವಾರ್ಡಿಗೆ ಸೋಂಕು ಬಂದಿರಬಹುದೆಂದು ಡಾಕ್ಟರಮ್ಮ ಎಲ್ಲ ಮಕ್ಕಳ ರಕ್ತ ಪರೀಕ್ಷೆಗೆ ಬರೆದಿದ್ದರು. ಒಳಗಿನಿಂದ ಒಂದಾದ ಮೇಲೊಂದು ಕೂಸು ಅಳುವುದು ಕೇಳಿಸಿತು. ಹನ್ನೊಂದು ಕೂಸುಗಳ ಹಿಮ್ಮಡಿಗೆ ಸೂಜಿ ಚುಚ್ಚಿಸಿದವನು ನಾನು. ಗುಂಡನ ಅಳು ನನಗೆ ಗೊತ್ತು, ಅವನು ಜೋರಾಗಿ ಅಳಲಾರ, ಬೆಕ್ಕಿನ ಮರಿಯಂತೆ ಎರಡು ಸಲ ಕೂಗಿ ಸುಸ್ತಾಗುತ್ತಾನೆ. ಅದನ್ನು ಕೇಳಿಸಿಕೊಂಡೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ. ಲಿಫ್ಟಿನಿಂದ ಕಿಟಕಿಗೆ, ಕಿಟಕಿಯಿಂದ ಲಿಫ್ಟಿಗೆ ನಡೆದೆ.

ಮಧ್ಯಾಹ್ನ ದೊಡ್ಡ ಸಿಸ್ಟರೇ ಹೊರಗೆ ಬಂದರು. "ಯಾರೂ ಅಳ್ಬೇಡಿ. ಎಲ್ಲಾ ಮಕ್ಕಳೂ ಒಂದೇ ದಿನ ಇಳಿಯೋದು ಅಂದ್ರೇನು? ರಕ್ತಾನೂ ಸರಿ ಇದೆ. ತಕ್ಕಡಿನೇ ಕೆಟ್ಟಿದೆ. ನಿನ್ನೆವರೆಗೂ ಸರಿ ಇತ್ತು, ಯಾರೋ ಎಲ್ಲೋ ಗುದ್ದಿರ್ಬೇಕು. ಬೇರೆದು ಶುಕ್ರವಾರ ಬರುತ್ತೆ. ಅಲ್ಲಿವರೆಗೂ ನಿನ್ನೆ ತೂಕಾನೇ ಲೆಕ್ಕ."

"ಹಾಗಾದ್ರೆ ಗುರುವಾರ?" ನನ್ನ ಹೆಂಡತಿ ಕೇಳಿದಳು.

"ಗುರುವಾರ ಗುರುವಾರಾನೇ."

ಬೆಂಚೆಲ್ಲ ಉಸಿರು ಬಿಟ್ಟಿತು. ಅತ್ತೆ ಕಣ್ಣು ಒರೆಸಿಕೊಂಡು, "ಆ ತಕ್ಕಡಿ ಮನೆ ಹಾಳಾಗ," ಎಂದು ಬೈದರು. ಇಪ್ಪತ್ತು ವರ್ಷದಲ್ಲಿ ನಾನು ಸರಿ ಮಾಡಿದ ತಕ್ಕಡಿಯನ್ನು ಯಾರೂ ಕೆಟ್ಟಿದೆ ಎಂದಿರಲಿಲ್ಲ. ಆದರೂ ನನಗೆ ಸಿಟ್ಟು ಬರಲಿಲ್ಲ. ಒಳಗೊಳಗೆ ನಿರಾಳವಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ಗುರುವಾರ ಉಳಿಯಿತು, ಯಾರಿಗೂ ಏನೂ ಗೊತ್ತಾಗಲಿಲ್ಲ. ಇನ್ನು ನಾನು ಸುಮ್ಮನಿದ್ದರೆ ಸಾಕು. ಆದರೆ ಸುಮ್ಮನಿರುವುದೇ ನನಗೆ ಬಾರದ ವಿದ್ಯೆ. ಚಿಕ್ಕ ಸಿಸ್ಟರ್ ಔಷಧಿ ತಟ್ಟೆ ಹಿಡಿದು ಹೋಗುತ್ತಿದ್ದಳು, ಹಿಂದೆಯೇ ಹೋಗಿ ಕೇಳಿದೆ.

"ಸಿಸ್ಟರ್, ಈ ಔಷಧಿ ಎಲ್ಲಾ ಎಷ್ಟು ಕೊಡ್ಬೇಕು ಅಂತ ಹೇಗೆ ಲೆಕ್ಕ ಹಾಕ್ತೀರ?"

"ತೂಕದ ಮೇಲೆ. ಮಕ್ಕಳಿಗೆ ಎಲ್ಲಾನೂ ತೂಕದ ಮೇಲೇ ಅಲ್ವಾ. ಹಾಲು, ಔಷಧಿ, ಆಪರೇಷನ್ನಿಗೆ ನಿದ್ದೆ ಬರಿಸೋದು ಕೂಡ."

"ಸ್ವಲ್ಪ ಹೆಚ್ಚು ಕಮ್ಮಿ ಆದ್ರೆ?"

"ದೊಡ್ಡವರಿಗಾದ್ರೆ ನಡೆಯುತ್ತೆ," ಎಂದು ಹೇಳಿ ಹೋದಳು.

ಹೆಂಡತಿಯನ್ನು ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ, ಕಲ್ಲು, ಗುಂಡಿ, ಅರವತ್ತು ಗ್ರಾಂ. ಅವಳು ನನ್ನ ಮಾತು ಮುಗಿಯುವವರೆಗೂ ಕೆಳಗಿನ ಮೆಟ್ಟಿಲನ್ನೇ ನೋಡುತ್ತಿದ್ದಳು.

"ಯಾರಿಗೆ ಹೇಳಿದೀರ?"

"ನಿನಗೇ ಮೊದಲು."

"ಹಾಗಾದ್ರೆ ಇಲ್ಲಿಗೇ ಬಿಡಿ. ಬಾಯಿ ಮುಚ್ಕೊಂಡಿರಿ."

"ಅವನು ಇನ್ನೂ ಎರಡೂವರೆ ಆಗಿಲ್ಲ ಕಣೇ."

"ಆಗೋದೂ ಇಲ್ಲ," ಅಂದಳು. ಅವಳ ದನಿ ಏರಲಿಲ್ಲ, ಅದೇ ನನಗೆ ಕಷ್ಟವಾಯಿತು. "ನೀವು ಅರ್ಧ ಗಂಟೆ ನೋಡಿ ಹೋಗ್ತೀರ. ನಾನು ದಿನಕ್ಕೆ ಎಂಟು ಸಲ ಅವನ ಮುಂದೆ ಕೂತ್ಕೋತೀನಿ. ನಿಮಿಷಕ್ಕೆ ಎಪ್ಪತ್ತು ಸಲ ಉಸಿರು ಎಳೀತಾನೆ, ಎಣಿಸಿದೀನಿ. ಹಾಲು ಕುಡೀವಾಗ ಹಣೆ ಬೆವರುತ್ತೆ. ಇನ್ನೊಂದು ವಾರ ಕಾಯಿ, ಇನ್ನೊಂದು ವಾರ ಕಾಯಿ ಅಂತಾನೇ ಒಂದು ದಿನ ನಿಂತುಹೋದ್ರೆ? ಅದನ್ನ ತೂಗೋ ಕಲ್ಲು ಇದೆಯಾ ನಿಮ್ಮ ಚೀಲದಲ್ಲಿ?"

ಇರಲಿಲ್ಲ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಾಯ್ದರೂ ಅಪಾಯ, ಕಾಯದಿದ್ದರೂ ಅಪಾಯ. ನನಗೆ ಗೊತ್ತಿದ್ದದ್ದು ಒಂದೇ ವಿಷಯ, ಅದು ನನ್ನ ಕಸುಬಿನ ವಿಷಯ. ತಪ್ಪು ತೂಕದ ಮೇಲೆ ಮಾಡಿದ ಲೆಕ್ಕವೆಲ್ಲ ತಪ್ಪು. ಲೆಕ್ಕ ಹಾಕುವವನು ಎಷ್ಟೇ ಜಾಣನಾಗಿದ್ದರೂ ತಪ್ಪೇ.

"ನಿದ್ದೆ ಔಷಧೀನೂ ತೂಕ ನೋಡಿ ಕೊಡ್ತಾರಂತೆ," ಅಂದೆ.

ನಾನು ಮೇಲೆ ಹತ್ತಿದೆ. ಅವಳು ಹಿಂದೆ ಬರುತ್ತಿದ್ದಾಳೋ ಇಲ್ಲವೋ ಎಂದು ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಡಾಕ್ಟರಮ್ಮ ವಾರ್ಡಿನ ಬಾಗಿಲ ಬಳಿಯ ಮೇಜಿನಲ್ಲಿ ಬರೆಯುತ್ತಿದ್ದರು, ದೊಡ್ಡ ಸಿಸ್ಟರ್ ಪಕ್ಕದಲ್ಲಿ ನಿಂತಿದ್ದರು. ನಾನು ಎರಡು ಕೇಜಿ ಕಲ್ಲನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ದೊಡ್ಡ ಸಿಸ್ಟರ್ ಕನ್ನಡಕ ತೆಗೆದರು. ಅದು ಒಳ್ಳೆಯ ಲಕ್ಷಣವಲ್ಲ.

"ಆಸ್ಪತ್ರೆ ಸಾಮಾನಿಗೆ ಕೈ ಹಾಕೋಕೆ ನಿಮಗೆ ಯಾರು ಹೇಳಿದ್ದು?"

"ಯಾರೂ ಇಲ್ಲ."

"ಹನ್ನೊಂದು ಮಕ್ಕಳಿಗೆ ಸೂಜಿ ಚುಚ್ಚಿದೀವಿ ಇವತ್ತು, ಗೊತ್ತಾ?"

"ಗೊತ್ತು. ಎಣಿಸ್ತಾ ಇದ್ದೆ."

ಡಾಕ್ಟರಮ್ಮ ಕಲ್ಲನ್ನು ಎತ್ತಿ ನೋಡಿ ಕೆಳಗಿಟ್ಟರು. "ಅಂದ್ರೆ ಇವತ್ತಿನ ತೂಕ ಸರಿ, ಇಷ್ಟು ದಿನದ್ದು ತಪ್ಪು. ನಿಮ್ಮ ಮಗು ನಾನೂರ ಅರವತ್ತು."

"ಅಲ್ಲ ಡಾಕ್ಟ್ರೇ."

ಹೇಳಿದ್ದು ನನ್ನ ಹೆಂಡತಿ. ಬಾಗಿಲಿಗೆ ಒರಗಿಕೊಂಡು ನಿಂತಿದ್ದಳು. ನನ್ನ ಬಾಯಿ ಮುಚ್ಚಿಸಲು ಬಂದಿದ್ದಾಳೆ ಎಂದುಕೊಂಡೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಅದರಲ್ಲಿ ನಲವತ್ತು ಹಾಲು," ಅಂದಳು. "ತೂಗೋ ಮೊದಲು ಕೊಡ್ಬಾರ್ದು ಅಂದಿದ್ರಿ. ಹತ್ತು ದಿನದಿಂದ ನಾನು ಒಂಬತ್ತೂ ಮುಕ್ಕಾಲಿಗೇ ಕೊಟ್ಟುಬಿಡ್ತಿದ್ದೆ. ಸಿಸ್ಟರ್ ಆ ಕಡೆ ಹೋದಾಗ."

ಬಾಗಿಲಾಚೆ ಬೆಂಚಿನಿಂದ ಅತ್ತೆ ಎದ್ದು ಬಂದರು, ಕೈಯಲ್ಲಿ ಲಂಗೋಟಿ, ಅದರಲ್ಲಿ ಸೂಜಿ ಇನ್ನೂ ನೇತಾಡುತ್ತಿತ್ತು.

"ಲಂಗೋಟಿಗೆ ಅಂತ ನೀವು ಇಪ್ಪತ್ತು ಗ್ರಾಂ ಕಳೀತೀರಂತೆ," ಅಂದರು ನೆಲ ನೋಡುತ್ತ. "ನಾನು ನಾಲ್ಕು ಪದರ ಹಾಕಿ ಹೊಲೀತಿದೀನಿ. ಎರಡು ಇರ್ಬೇಕಾದದ್ದು."

ನಾನು ಅತ್ತೆಯನ್ನು ನೋಡಿದೆ, ಹೆಂಡತಿಯನ್ನು ನೋಡಿದೆ. ಮನೆಯವರೆಲ್ಲ ಸೇರಿ ಒಂದು ಕೂಸಿನ ತೂಕಕ್ಕೆ ಕಲಬೆರಕೆ ಮಾಡಿದ್ದೆವು, ಒಬ್ಬರಿಗೊಬ್ಬರು ತಿಳಿಯದಂತೆ. ಇಷ್ಟು ವರ್ಷ ನಾನು ಅಂಗಡಿಯವರನ್ನು ನೋಡಿ ನಕ್ಕಿದ್ದಕ್ಕೆ ಇದು ಸರಿಯಾಯಿತು. ಡಾಕ್ಟರಮ್ಮ ಪೆನ್ನು ಮುಚ್ಚಿಟ್ಟರು. ಬೈಯುತ್ತಾರೆಂದು ಕಾದೆವು.

"ಈಗ ಮಗು ನಿಜವಾಗಿ ಎಷ್ಟಿದೆ?" ಎಂದು ಮೂವರನ್ನೂ ಕೇಳಿದರು.

ಮೂವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನಾಲ್ಕು ಗಂಟೆಯ ಹಾಲಿಗೆ ಮೊದಲು ತೂಗಿದರು. ದೊಡ್ಡ ಸಿಸ್ಟರ್ ನನ್ನ ಕಲ್ಲನ್ನು ಸೋಪು ಹಾಕಿ ಉಜ್ಜಿ, ಒರೆಸಿ, ಮೊದಲು ಅದನ್ನೇ ತಕ್ಕಡಿಯ ಮೇಲಿಟ್ಟರು. ಎರಡು ಸಾವಿರ ತೋರಿಸಿತು. ಆಮೇಲೆ ಗುಂಡನನ್ನು ಬರಿಮೈಯಲ್ಲಿ ಮಲಗಿಸಿದರು. ಬಟ್ಟೆಯಿಲ್ಲದ ಅವನನ್ನು ಪೂರ್ತಿಯಾಗಿ ನೋಡಿದ್ದು ನಾನು ಅವತ್ತೇ. ತೊಡೆಯ ಚರ್ಮ ದೊಡ್ಡವರ ಅಂಗಿ ತೊಟ್ಟಂತೆ ಸಡಿಲವಾಗಿತ್ತು. ಎರಡು ಸಾವಿರದ ನಾನೂರು. ಅದಕ್ಕೆ ಸೇರಿಸಲು, ಕಳೆಯಲು ಯಾರ ಬಳಿಯೂ ಏನೂ ಉಳಿದಿರಲಿಲ್ಲ.

ಡಾಕ್ಟರಮ್ಮ ಗುರುವಾರವನ್ನು ಹೊಡೆದು ಹಾಕಿದರು. ಎಲ್ಲ ಮಕ್ಕಳ ಔಷಧಿ ಲೆಕ್ಕವನ್ನೂ ಹೊಸದಾಗಿ ಹಾಕಲು ಹೇಳಿ, ಗುಂಡನ ಹಾಲಿಗೆ ಶಕ್ತಿಯ ಪುಡಿ ಬರೆದರು. "ಬೇಗ ಮಾಡ್ಬೇಕು ಅಂತ ನನಗೂ ಇದೆ. ಆದ್ರೆ ನಾನು ಕತ್ತಲಲ್ಲಿ ಕತ್ತರಿ ಹಿಡಿಯೋಕಾಗಲ್ಲ. ಒಂದು ವಾರ ನೋಡೋಣ," ಎಂದರು. ಹೊರಡುವಾಗ ನನ್ನ ಕಡೆ ತಿರುಗಿ, "ಮೇಲಿನ ಎರಡು ವಾರ್ಡಲ್ಲೂ ತಕ್ಕಡಿ ಇವೆ. ಅವನ್ನೂ ನೋಡಿಕೊಡಿ. ಈ ಸಲ ಹೇಳಿ ಮಾಡಿ," ಅಂದರು.

ಅವಳಿಗಳ ತಾಯಿ ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ, "ಅಣ್ಣಾ, ಸರಿ ಮಾಡಿದ್ದು ಸರಿ. ಹೇಳೋಕೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಯಾಕೆ ಬೇಕಿತ್ತು?" ಎಂದಳು. ನನ್ನ ಹೆಂಡತಿಯಂತೂ ಮಾತು ಬಿಟ್ಟೇಬಿಟ್ಟಳು. ಊಟ, ಬಟ್ಟೆ, ಔಷಧಿ ಚೀಟಿ, ಇಷ್ಟಕ್ಕೆ ಬೇಕಾದ ಮಾತು ಬಿಟ್ಟರೆ ಬೇರೆ ಇಲ್ಲ. ಬೆಳಿಗ್ಗೆ ಗಾಜಿನ ಆಚೆ ಬಂದು ಬೆರಳು ತೋರಿಸುತ್ತಿದ್ದಳು, ಅತ್ತೆಯ ಕಡೆಗೆ. ಅತ್ತೆ ಎರಡು ಪದರದ ಲಂಗೋಟಿ ಹೊಲಿಯುತ್ತ, "ಹಾಲು ಕುಡಿದವರೇ ಬದುಕಲ್ಲ ಅಂತಾರೆ, ಇನ್ನು ನಿಜ ಹೇಳಿದವರು ಬದುಕ್ತಾರಾ ನೋಡೋಣ," ಎಂದು ಯಾರಿಗೂ ಅಲ್ಲ ಎನ್ನುವಂತೆ ಹೇಳಿದರು.

ಆರನೇ ದಿನ ಗುಂಡ ನೀಲಿಯಾದ. ನಾನು ಮೇಲಿನ ವಾರ್ಡಿನಲ್ಲಿ ತಕ್ಕಡಿ ಬಿಚ್ಚಿಕೊಂಡು ಕೂತಿದ್ದೆ, ಬಾಗಿಲು ಕಾಯುವವನು ಓಡಿ ಬಂದು ಕರೆದ. ಕೆಳಗೆ ಬರುವಷ್ಟರಲ್ಲಿ ಏಳನೇ ತೊಟ್ಟಿಲಿನ ಸುತ್ತ ಜನ ಮುತ್ತಿದ್ದರು. ಗಾಜಿನಿಂದ ಡಾಕ್ಟರಮ್ಮನ ಬೆನ್ನು ಮಾತ್ರ ಕಾಣುತ್ತಿತ್ತು. ಹೆಂಡತಿ ಹೊರಗೆ ನಿಂತಿದ್ದಳು, ಎರಡೂ ಕೈ ಗಾಜಿನ ಮೇಲೆ. ನನ್ನನ್ನು ನೋಡಿ ಮತ್ತೆ ಗಾಜಿನ ಕಡೆ ತಿರುಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಗುರುವಾರ ಕಳೆದು ನಾಲ್ಕು ದಿನವಾಗಿತ್ತು. ಅರವತ್ತು ಗ್ರಾಂ ಸತ್ಯಕ್ಕೆ ನಾನು ಮಗನನ್ನು ಕೊಟ್ಟುಬಿಟ್ಟೆ ಎಂದು ಆ ಇಪ್ಪತ್ತು ನಿಮಿಷವೂ ನನಗೆ ಖಚಿತವಾಗಿತ್ತು. ಯಾವ ಕೈ ಆ ಸ್ಕ್ರೂ ಬಿಚ್ಚಿತ್ತೋ ಆ ಕೈಯನ್ನು ಗೋಡೆಗೆ ಗುದ್ದಿದೆ. ಅತ್ತೆ ಬಂದು ಅದನ್ನು ಹಿಡಿದುಕೊಂಡರು, ಕೊನೆಯವರೆಗೂ ಬಿಡಲಿಲ್ಲ.

ಅವನ ಬಣ್ಣ ತಿರುಗಿತು. ಆಕ್ಸಿಜನ್ ಹೆಚ್ಚು ಮಾಡಿದರು, ಎರಡು ದಿನ ಕಣ್ಣಿಟ್ಟು ಕಾದರು. ಒಂಬತ್ತನೇ ದಿನ ಬೆಳಿಗ್ಗೆ, ಹಾಲಿಗೆ ಮೊದಲು, ಬರಿಮೈಯಲ್ಲಿ, ಎರಡು ಸಾವಿರದ ನಾನೂರ ತೊಂಬತ್ತು.

"ಇನ್ನೂ ಹತ್ತು ಕಮ್ಮಿ," ಎಂದೆ ಡಾಕ್ಟರಮ್ಮನಿಗೆ.

"ಹತ್ತು ಗ್ರಾಂಗೆ ನಾನೇನು ಬಂಗಾರ ತೂಗ್ತಿದೀನಾ?" ಎಂದರು. "ಎಷ್ಟಿದ್ದಾನೆ ಅಂತ ಗೊತ್ತಿದ್ರೆ ಸಾಕು. ಹನ್ನೊಂದಕ್ಕೆ ಕರ್ಕೊಂಡು ಬನ್ನಿ."

ಆಪರೇಷನ್ ಕೋಣೆಯ ಹೊರಬಾಗಿಲವರೆಗೆ ಮೂವರಿಗೂ ಬರಲು ಬಿಟ್ಟರು. ಹೆಂಡತಿ ಅವನನ್ನು ಎತ್ತಿಕೊಂಡಿದ್ದಳು, ಚಿಕ್ಕ ಸಿಸ್ಟರ್ ಆಕ್ಸಿಜನ್ ಹಿಡಿದು ಪಕ್ಕದಲ್ಲಿ. ಬಾಗಿಲಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಕಾಯುತ್ತಿದ್ದರು, ಹಸಿರು ಟೋಪಿ, ಕೈಯಲ್ಲಿ ಕಾಗದ. ನಮ್ಮ ವಾರ್ಡಿನವರಲ್ಲ, ನಮ್ಮ ಕಥೆ ಅವರಿಗೆ ಗೊತ್ತಿರಲಿಲ್ಲ.

"ತೂಕ ಎಷ್ಟು?"

"ಎರಡು ಸಾವಿರದ ನಾನೂರ ತೊಂಬತ್ತು," ಎಂದೆವು. ಮೂವರೂ ಒಟ್ಟಿಗೇ ಹೇಳಿದ್ದೆವು. ಅವರು ಸ್ವಲ್ಪ ಬೆರಗಾಗಿ ನಮ್ಮನ್ನು ನೋಡಿ ಬರೆದುಕೊಂಡರು.

ಒಳಗೆ ಒಬ್ಬ ನರ್ಸು ಸಿರಿಂಜಿಗೆ ಔಷಧಿ ಎಳೆದು ನಿಂತಿದ್ದಳು. ಡಾಕ್ಟರ್ ಅವಳಿಗೆ ಏನೋ ಅಂಕಿ ಹೇಳಿದರು. ಅವಳು ಸಿರಿಂಜನ್ನು ಕಣ್ಣಿನ ಎತ್ತರಕ್ಕೆ ಹಿಡಿದು, ಗೀರು ನೋಡಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಹೆಚ್ಚಾಗಿದ್ದ ಒಂದು ಹನಿ ಸೂಜಿಯ ತುದಿಗೆ ಬಂದು ತಟ್ಟೆಗೆ ಬಿತ್ತು.

ನನ್ನ ಹೆಂಡತಿಯೂ ಅದನ್ನೇ ನೋಡುತ್ತಿದ್ದಳು. ಗುಂಡನನ್ನು ಚಿಕ್ಕ ಸಿಸ್ಟರ್ ಕೈಗೆ ಕೊಟ್ಟು, ಒಂಬತ್ತು ದಿನದ ಮೇಲೆ ನನ್ನ ಕಡೆ ತಿರುಗಿದಳು.

"ಅಷ್ಟೇನಾ?" ಎಂದಳು. "ಅಷ್ಟೇ ವ್ಯತ್ಯಾಸ ಆಗ್ತಿದ್ದದ್ದು?"

"ಅಷ್ಟೇ," ಎಂದೆ. "ಒಂದು ಹನಿ."

ಅವಳು ನನ್ನ ಊದಿಕೊಂಡಿದ್ದ ಕೈಯನ್ನು ಹಿಡಿದುಕೊಂಡಳು, ನೋಯುವಷ್ಟು ಬಿಗಿಯಾಗಿ. ಬಾಗಿಲು ಮುಚ್ಚಿತು. ಎದುರಿಗೇ ಬೆಂಚಿತ್ತು, ಮೂವರಲ್ಲಿ ಯಾರೂ ಕೂರಲಿಲ್ಲ.